ಎಂಜಿನ್ ಹಿಂದಿನ ಪೈಪು

ಅಜ್ಜಂಪುರ
9 ಡಿಸೆಂಬರ್ 2024

ಪೂಜ್ಯ ಮಾವನವರಿಗೆ ಕೋಮಲಾ ಮಾಡುವ ನಮಸ್ಕಾರಗಳು.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಾದಿನಿ ಧನುಶ್ರೀ ನಡುವೆ ನಿಂತು ನಿಮ್ಮ ಕಿವಿಯಲ್ಲಿ ಕೂಗಬೇಕು, ನೀವು ಅರ್ಧ ಕೇಳಿಸಿಕೊಂಡು "ಸರಿ ಸರಿ" ಎನ್ನುತ್ತೀರಿ, ಅಲ್ಲಿಗೆ ಮಾತು ಮುಗಿಯಿತು. ದಿನವಿಡೀ ಊರವರ ಕಾಗದಗಳಿಗೆ ಮುದ್ರೆ ಒತ್ತುವ ನಾನು ನನ್ನ ಮಾವನಿಗೆ ಒಂದು ಕಾಗದ ಬರೆದಿಲ್ಲವಲ್ಲ ಎನಿಸಿತು. ಇವತ್ತು ಅಂಚೆ ಕಚೇರಿಯಲ್ಲೇ ಕುಳಿತು ಬರೆಯುತ್ತಿದ್ದೇನೆ.

ವಿಷಯ ಕಾರಿನದು. ನಿಮ್ಮ ಮಗ ತೀರಿಹೋದ ಮೇಲೆ ಎರಡೂವರೆ ವರ್ಷ ಅದು ತಗಡಿನ ಶೆಡ್ಡಿನಲ್ಲೇ ನಿಂತಿತ್ತು. ಬರುವ ಫೆಬ್ರವರಿಗೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ಅಷ್ಟರೊಳಗೆ ತರೀಕೆರೆಯ ಆರ್.ಟಿ.ಓ. ಕಚೇರಿಗೆ ಓಡಿಸಿಕೊಂಡು ಹೋಗಿ ತೋರಿಸಿ ಆರ್.ಸಿ. ಹೊಸದು ಮಾಡಿಸದಿದ್ದರೆ ಮತ್ತೆ ರಸ್ತೆಗಿಳಿಸುವಂತಿಲ್ಲ. ಗುಜರಿಗೇ ಗತಿ.

ನಾನು ಸೆಪ್ಟೆಂಬರಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದೆ. ನಿಮಗೆ ಹೇಳಿರಲಿಲ್ಲ. ಹೋದ ವಾರ ಬ್ಯಾಟರಿ ಬದಲಾಯಿಸಿ ಕೀ ತಿರುಗಿಸಿದರೆ ಕಾರು ಸ್ಟಾರ್ಟ್ ಆಯಿತು ಮಾವ! ಆ ಸದ್ದು ಕೇಳಿ ಬೀದಿಯವರೆಲ್ಲ ಹೊರಗೆ ಬಂದರು. ಆದರೆ ಶಿವನಿ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗುವುದರೊಳಗೆ ಬಿಸಿಯ ಮುಳ್ಳು ಕೆಂಪಿಗೆ ಏರಿತು, ಬಾನೆಟ್ಟಿನಿಂದ ಹಬೆ ಬಂತು. ಇಲ್ಲಿನ ಗ್ಯಾರೇಜಿನ ರವಿಕುಮಾರ ನೋಡಿ, "ಎಂಜಿನ್ ಹಿಂದ್ಗಡೆ ನೀರಿನ ಪೈಪು ಒಡ್ದೋಗೈತೆ ಮೇಡಂ. ಅಲ್ಲಿಗೆ ಕೈಯೇ ಹೋಗಲ್ಲ. ಎಂಜಿನ್ನೇ ಇಳಿಸ್ಬೇಕು. ಇದ್ರ ಬದ್ಲು ಗುಜ್ರಿಗೆ ಹಾಕೋದು ವಾಸಿ ಕಣ್ರೀ" ಎಂದ.

ಒಂದು ದಿನ ಬಂದು ನೋಡುತ್ತೀರಾ? "ಆ ಕಾರು ನನ್ನ ಕಣ್ಣಿಗೆ ಬೀಳೋದು ಬೇಡ" ಎಂದು ಆ ದಿನ ನೀವು ಹೇಳಿದ್ದು ನನಗೆ ನೆನಪಿದೆ. ನೆನಪಿದ್ದೂ ಕೇಳುತ್ತಿದ್ದೇನೆ.

ನಿಮ್ಮ ಸೊಸೆ
ಕೋಮಲಾ


ತರೀಕೆರೆ
14 ಡಿಸೆಂಬರ್ 2024

ಚಿ. ಕೋಮಲಾಗೆ ಗಿಡ್ಡಪ್ಪನ ಆಶೀರ್ವಾದ.

ಎಂಜಿನ್ ಇಳಿಸಬೇಕು ಅಂದವನಿಗೆ ಎಂಜಿನ್ ಮುಟ್ಟಲು ಬಿಡಬೇಡ. ಕಡೂರು ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ರಿಪೇರಿ ಮಾಡಿದವನು ನಾನು. ಕೈ ಹೋಗದ ಜಾಗ ಅಂತ ಯಾವ ಗಾಡಿಯಲ್ಲೂ ಇಲ್ಲ. ಯಾವ ಕಡೆಯಿಂದ ಹೋಗುತ್ತದೆ ಅಂತ ಹುಡುಕಬೇಕು.

ಆ ಪೈಪು ಎಂಜಿನ್ನಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ ಇದೆ. ಮೇಲಿನಿಂದ ನೋಡಿದರೆ ದಾರಿ ಕಾಣದು. ಬಲಗಡೆ ಮುಂದಿನ ಚಕ್ರ ಬಿಚ್ಚು. ಜಾಕ್ ಒಂದನ್ನೇ ನಂಬಬೇಡ, ಕೆಳಗೆ ದಪ್ಪ ಮರದ ದಿಮ್ಮಿ ಕೊಡು. ಒಳಗಿರುವ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಂದು ಸಂದು ಕಾಣುತ್ತದೆ. ರವಿಕುಮಾರನ ತೋಳು ಅಲ್ಲಿ ಹೋಗದು. ನಿನ್ನದು ಹೋಗುತ್ತದೆ. ಕೈಗಡಿಯಾರ ತೆಗೆದಿಟ್ಟು ಕೈ ಹಾಕು. ಎಂಜಿನ್ ತಣ್ಣಗಿರಬೇಕು.

ಪೈಪಿಗೆ ಎರಡು ಬೋಲ್ಟು. ದಿನಕ್ಕೆರಡು ಸಲ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿರು. ಈಗಲೇ ಬಿಚ್ಚಬೇಡ.

ಟಾರ್ಚು, ಕನ್ನಡಿ ಹಿಡಿಯಲು ಇನ್ನೊಬ್ಬರು ಬೇಕು. ಯಾರಿದ್ದಾರೆ ಬರೆ.

ನಾನು ಬರಲಾರೆ. ಬಸ್ಸಿನಲ್ಲಿ ಕೂತರೆ ಸೊಂಟ ಹಿಡಿಯುತ್ತದೆ.

ಗಿಡ್ಡಪ್ಪ


ಅಜ್ಜಂಪುರ
20 ಡಿಸೆಂಬರ್ 2024

ಮಾವನವರಿಗೆ ನಮಸ್ಕಾರಗಳು.

ಕಾಗದ ಬಂತು. ಅಕ್ಷರ ಓಡುವ ಬಸ್ಸಿನಲ್ಲಿ ಕೂತು ಬರೆದಂತಿದೆ. ಅಷ್ಟು ಅವಸರವಿತ್ತೇ? ಎರಡು ಸಲ ಓದಿದ ಮೇಲೆ ಎಲ್ಲವೂ ತಿಳಿಯಿತು.

ನೀವು ಹೇಳಿದಂತೆಯೇ ಮಾಡಿದೆ. ಮುಚ್ಚಳ ತೆಗೆದರೆ ಸಂದು ನಿಜವಾಗಿಯೂ ಇದೆ! ಮೊಣಕೈವರೆಗೆ ತೋಳು ಹೋಯಿತು. ಬೆರಳಿಗೆ ಪೈಪು ಸಿಕ್ಕಿತು, ಅದರ ಬಿರುಕೂ ಸಿಕ್ಕಿತು. ಕಾಣದ್ದನ್ನು ಮುಟ್ಟಿ ಗುರುತಿಸಿದಾಗ ಎಷ್ಟು ಖುಷಿಯಾಯಿತು ಅಂದರೆ, ಕೈ ಹೊರಗೆ ತೆಗೆಯಲೇ ಮನಸ್ಸಾಗಲಿಲ್ಲ.

ಒಂದು ಬೋಲ್ಟು ಕನ್ನಡಿಯಲ್ಲಿ ಕಾಣುತ್ತದೆ. ಇನ್ನೊಂದು ಎಲ್ಲಿದೆ ಎಂದೇ ತಿಳಿಯಲಿಲ್ಲ. ಹೊಸ ಪೈಪಿಗೆ ಬೀರೂರು, ಶಿವಮೊಗ್ಗ ಎರಡೂ ಕಡೆ ವಿಚಾರಿಸಿದೆ. ಈ ಮಾಡೆಲ್ಲಿನದು ಈಗ ಬರುವುದೇ ಇಲ್ಲವಂತೆ. ಈ ಹಾಳೆಯ ಹಿಂಬದಿಯಲ್ಲಿ ಅಳತೆ ಬರೆದಿದ್ದೇನೆ, ಏನು ಮಾಡಲಿ ತಿಳಿಸಿ.

ಪಶು ಆಸ್ಪತ್ರೆಯಲ್ಲಿ ಹೊನ್ನೇಶ್ ಎಂಬುವರು ಕೆಲಸಕ್ಕಿದ್ದಾರೆ. ಮೊನ್ನೆ ಸಂಜೆ ಬಂದು ಕಾರು ನೋಡಿದರು. ಟಾರ್ಚು ಹಿಡಿದವರೂ ಅವರೇ.

ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳಿ. ಧನುಶ್ರೀ ಹೊಲಿಗೆ ಅಂಗಡಿಯ ಕೆಲಸದಲ್ಲಿ ಮರೆತಾಳು, ನೀವೇ ನೆನಪು ಮಾಡಿ.

ಕೋಮಲಾ


ತರೀಕೆರೆ
2 ಜನವರಿ 2025

ಚಿ. ಕೋಮಲಾಗೆ ಆಶೀರ್ವಾದ.

ಪೈಪು ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಹಳೆಯ ಕಾರೊಂದರ ಪೈಪನ್ನು ಲೇತಿನ ರಾಮಯ್ಯ ನಿನ್ನ ಅಳತೆಗೆ ಕತ್ತರಿಸಿ ಬೆಸೆದುಕೊಟ್ಟ. ನೀರು ತುಂಬಿಸಿ ಊದಿ ನೋಡಿದ್ದೇನೆ, ಸೋರುವುದಿಲ್ಲ.

ಎರಡನೆಯ ಬೋಲ್ಟು ಕಾಣದು. ಹುಡುಕಬೇಡ. ಮೊದಲನೆಯದರ ಮೇಲೆ ಹೆಬ್ಬೆರಳಿಟ್ಟು ಕೈ ಅಗಲಿಸಿದರೆ ಕಿರುಬೆರಳಿಗೆ ಸಿಗುವುದೇ ಅದು. ಹತ್ತರ ಸ್ಪ್ಯಾನರು. ಮೊದಲು ಒಂದು ಎಳೆಯಷ್ಟು ಬಿಗಿ ಮಾಡು, ಆಮೇಲೆ ಸಡಿಲಿಸು. ಮತ್ತೆ ಎಣ್ಣೆ ಬಿಡು. ಸಿಟ್ಟು ಬಂದರೆ ಎದ್ದು ಹೋಗಿ ಟೀ ಕುಡಿ. ಡಿಪೋದಲ್ಲಿ ಮುರಿದ ಬೋಲ್ಟುಗಳೆಲ್ಲ ಸಿಟ್ಟಿನಲ್ಲೇ ಮುರಿದವು.

ಕಾರು ನೋಡಲು ಬಂದವನಿಗೆ ಪೈಪಿನ ವಿಷಯ ಮುಚ್ಚಿಡಬೇಡ. ಗಾಡಿ ಹೇಗಿದೆಯೋ ಹಾಗೆ ಹೇಳಿ ಕೊಡು. ಹೆಸರು ಕೇಳಿದರೆ ನಮ್ಮ ಕಡೆಯವನಂತೆ ಕಾಣುತ್ತಾನೆ, ಚೆನ್ನಾಗಿ ಇಟ್ಟುಕೊಂಡಾನು. ನನ್ನನ್ನು ಕೇಳಬೇಕಾಗಿಲ್ಲ. ಕಾರು ನಿನ್ನದು.

ಗಿಡ್ಡಪ್ಪ


ಅಜ್ಜಂಪುರ
9 ಜನವರಿ 2025

ಮಾವನವರಿಗೆ,

ಪಾರ್ಸೆಲ್ ತಲುಪಿತು. ಪೈಪು ಅಳತೆಗೆ ಸರಿಯಾಗಿದೆ.

ನಾನು ಅಂಚೆಯವಳು ಮಾವ. ಯಾವ ಪಾರ್ಸೆಲ್ ಬಂದರೂ ಮೊದಲು ನೋಡುವುದು ಮುದ್ರೆಯನ್ನು. ಅದರ ಮೇಲೆ ಕಡೂರು, ಡಿಸೆಂಬರ್ 31 ಎಂದಿದೆ. ರಾಮಯ್ಯನವರ ಲೇತ್ ಇರುವುದೂ ಕಡೂರಿನಲ್ಲೇ. ಕಡೂರಿಗೆ ಹೋಗುವಾಗ ಹಿಡಿಯದ ಸೊಂಟ ಅಜ್ಜಂಪುರಕ್ಕೆ ಬರಲು ಮಾತ್ರ ಹಿಡಿಯಿತೇ? ನಿಮಗೆ ಈ ಕಾರು ನೋಡುವುದು ಬೇಡವೋ, ನನ್ನ ಮುಖ ನೋಡುವುದು ಬೇಡವೋ ತಿಳಿಯುತ್ತಿಲ್ಲ. ನಿಮ್ಮ ಮಗ ಹೋದ ಮೇಲೆ ನೀವು ಈ ಮನೆಯ ಹೊಸಿಲು ತುಳಿದಿರುವುದು ಎರಡೇ ಸಲ. ನನ್ನಿಂದ ಏನಾದರೂ ತಪ್ಪಾಗಿದ್ದರೆ ನೇರವಾಗಿ ಹೇಳಿಬಿಡಿ.

ಇನ್ನೊಂದು ಮಾತು. ಕಾರು ಮಾರಲು ಇದನ್ನೆಲ್ಲ ಮಾಡುತ್ತಿದ್ದೇನೆ ಎಂದುಕೊಂಡಿರಾ? ಮಾರುವುದಿಲ್ಲ. "ನನ್ನನ್ನು ಕೇಳಬೇಕಾಗಿಲ್ಲ" ಎಂದು ಬರೆದಿದ್ದೀರಿ. ಆ ಸಾಲು ಓದಿದಾಗಿನಿಂದ ಮನಸ್ಸು ಸರಿಯಿಲ್ಲ.

ಕೋಮಲಾ


ತರೀಕೆರೆ
13 ಜನವರಿ 2025

ಚಿ. ಕೋಮಲಾಗೆ,

ಮಾರುವುದಿಲ್ಲ ಎಂದದ್ದು ಸಂತೋಷ.

ಪೈಪಿನ ತುದಿಗೆ ರಬ್ಬರ್ ಉಂಗುರ ಹಾಕುವಾಗ ಸೋಪಿನ ನೀರು ಸವರು, ಎಣ್ಣೆ ಬೇಡ. ಬೋಲ್ಟುಗಳನ್ನು ಮೊದಲು ಬರಿಗೈಯಲ್ಲಿ ತಿರುಗಿಸಿ ಕೂರಿಸು. ನೀರು ತುಂಬಿಸಿದ ಮೇಲೆ ಮುಚ್ಚಳ ತೆರೆದಿಟ್ಟೇ ಸ್ಟಾರ್ಟ್ ಮಾಡು, ಗುಳ್ಳೆ ನಿಲ್ಲುವವರೆಗೆ ಬಿಡು. ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಂತರೆ ಕೆಲಸ ಆಯಿತು ಅಂತ ತಿಳಿ.

ಧನುಶ್ರೀ ಎಳ್ಳು ಬೆಲ್ಲ ಕಳಿಸಿದ್ದಾಳೆ.

ಗಿಡ್ಡಪ್ಪ


ಅಜ್ಜಂಪುರ
21 ಜನವರಿ 2025

ಮಾವನವರಿಗೆ ನಮಸ್ಕಾರಗಳು.

ಮೊನ್ನೆ ಭಾನುವಾರ ಪೈಪು ಕೂತಿತು! ಈ ಸಾಲನ್ನು ಮೊದಲು ಬರೆಯದಿದ್ದರೆ ಮುಂದಿನದನ್ನು ಬರೆಯುವ ಧೈರ್ಯ ಬರುವುದಿಲ್ಲ.

ಮೊದಲ ಬೋಲ್ಟು ಸುಮ್ಮನೆ ಬಂತು. ಎರಡನೆಯದು ಒಂದೂವರೆ ಗಂಟೆ ಆಟ ಆಡಿಸಿತು. ಎರಡು ಸಲ ಎದ್ದು ಹೋಗಿ ಟೀ ಕುಡಿದೆ. ಕೊನೆಗೆ ಕಟಕ್ ಎಂದಾಗ ಮುರಿಯಿತೆಂದೇ ತಿಳಿದೆ. ಮುರಿದಿರಲಿಲ್ಲ, ಸಡಿಲವಾಗಿತ್ತು. ಬೋಲ್ಟನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಕೈ ಎಳೆದರೆ ಬರಲೊಲ್ಲದು. ಎಳೆದಷ್ಟೂ ತೋಳು ಊದಿದಂತಾಯಿತು. ನನಗೆ ಗಾಬರಿಯಾಗಿ ಅಳುವೇ ಬಂತು. ಹೊನ್ನೇಶ್ ಟಾರ್ಚು ಕೆಳಗಿಟ್ಟು ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು.

"ಎಳೀಬೇಡ್ರಿ. ಉಸ್ರು ಬಿಡ್ರಿ ಮೊದ್ಲು. ಕೈಯಾಗೆ ಏನೈತೆ?"

"ಬೋಲ್ಟು."

"ಬೀಳ್ಲಿ ಬಿಡ್ರಿ ಅದು. ಬೆಳಗಾದ್ರೆ ಹಸ ಎಮ್ಮೆಗಳ ಹೊಟ್ಟೆಯೊಳ್ಗೆ ಕೈ ಹಾಕೋನು ನಾನು. ಕಾಣ್ದಿರೋ ಜಾಗದಾಗೆ ಬಿದ್ದಿದ್ನ ಹುಡ್ಕೋದು ನನಗೆ ಹೊಸ್ದಾ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಮುಷ್ಟಿ ಬಿಚ್ಚಿದೆ, ಕೈ ಹೊರಗೆ ಬಂತು. ಅವರು ಕಾರಿನ ಕೆಳಗೆ ಮಲಗಿ ಬೋಲ್ಟು ಹುಡುಕಿ ತೆಗೆದರು. ಸಂಜೆ ನಾಲ್ಕಕ್ಕೆ ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಂತಿತು.

ಮಾವ, ಅವರು ಕಾರು ಕೊಳ್ಳಲು ಬಂದವರಲ್ಲ. ನೀವು ಹಾಗೆ ತಿಳಿದಿದ್ದೀರಿ ಎಂದು ಗೊತ್ತಾದ ಮೇಲೂ ಹೋದ ಕಾಗದದಲ್ಲಿ ನಾನು ತಿದ್ದಲಿಲ್ಲ. ತಪ್ಪು ನನ್ನದೇ. ಹೊನ್ನೇಶ್ ನನ್ನನ್ನು ಮದುವೆಯಾಗಲು ಕೇಳಿ ಆರು ತಿಂಗಳಾಯಿತು. ಅವರ ಹೆಂಡತಿ ತೀರಿಕೊಂಡು ಐದು ವರ್ಷ. ಇಷ್ಟು ದಿನ ನಾನು ಏನೂ ಹೇಳಿರಲಿಲ್ಲ. ಭಾನುವಾರ ಕೈ ತೊಳೆಯುತ್ತಾ ಆಗಲಿ ಎಂದೆ. ಆದರೆ ನಿಮಗೆ ತಿಳಿಸದೆ ಯಾರಿಗೂ ಹೇಳಬಾರದೆಂದೂ ಹೇಳಿದ್ದೇನೆ.

ನಿಮ್ಮ ಮಗನನ್ನು ಮರೆತವಳೆಂದು ಎಣಿಸಬೇಡಿ. ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಬುದ್ಧನನ್ನು ನಾನು ತೆಗೆದಿಲ್ಲ. ತೆಗೆಯಿರಿ ಎಂದು ಹೊನ್ನೇಶ್ ಹೇಳಿಯೂ ಇಲ್ಲ.

ಬೈಯುವುದಾದರೂ ಬರೆದು ಬೈಯಿರಿ.

ಕೋಮಲಾ


ಅಜ್ಜಂಪುರ
3 ಫೆಬ್ರವರಿ 2025

ಮಾವನವರಿಗೆ,

ಹದಿಮೂರು ದಿನವಾಯಿತು. ದಿನವೂ ಚೀಲ ಬಿಚ್ಚುವಾಗ ನಾನೇ ಮೊದಲು ಹುಡುಕುತ್ತೇನೆ, ನಿಮ್ಮ ಕಾಗದವಿಲ್ಲ. ಧನುಶ್ರೀಗೆ ಫೋನ್ ಮಾಡಿದರೆ, "ಅಪ್ಪ ಚೆನ್ನಾಗೈತೆ ಅತ್ತಿಗೆ, ಏನೋ ಬರೀತಾ ಕೂತಿರ್ತದೆ, ಹತ್ರ ಹೋದ್ರೆ ಮುಚ್ಚಿಡ್ತದೆ" ಎನ್ನುತ್ತಾಳೆ. ನಿಮ್ಮ ಮೌನ ನನಗೆ ಅರ್ಥವಾಯಿತು.

ಹನ್ನೊಂದನೇ ತಾರೀಕು ಮಂಗಳವಾರ ತರೀಕೆರೆಯಲ್ಲಿ ಕಾರಿನ ಪರೀಕ್ಷೆ. ಬೆಳಗ್ಗೆ ಹತ್ತಕ್ಕೆ ಅಲ್ಲಿರುತ್ತೇನೆ. ನಿಮಗೆ ಇಷ್ಟವಿಲ್ಲದಿದ್ದರೆ ಮನೆಗೆ ಬರದೆ ಹಾಗೇ ಹಿಂದಿರುಗುತ್ತೇನೆ. ನಿಮ್ಮಿಂದಾಗಿ ಕಾರು ಉಳಿಯಿತು ಎಂಬ ಮಾತನ್ನು ಮಾತ್ರ ಹೇಳಿಬಿಡುತ್ತೇನೆ.

ಕೋಮಲಾ


ತರೀಕೆರೆ
25 ಜನವರಿಯಿಂದ 6 ಫೆಬ್ರವರಿ 2025

ಚಿ. ಕೋಮಲಾಗೆ ಗಿಡ್ಡಪ್ಪನ ಆಶೀರ್ವಾದ.

ಈ ಮೊದಲ ಸಾಲುಗಳನ್ನು ಕೊನೆಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ನಿನ್ನ ಎರಡನೇ ಕಾಗದ ಬಂತು. ನನ್ನ ಮೌನ ನಿನಗೆ ಅರ್ಥವಾಗಿಲ್ಲ ಕಣಮ್ಮ. ಈ ಕಾಗದವನ್ನು ನಾನು ಹದಿಮೂರು ದಿನದಿಂದ ಬರೆಯುತ್ತಿದ್ದೇನೆ. ದಿನಕ್ಕೆ ನಾಲ್ಕೈದು ಸಾಲು. ಅದಕ್ಕಿಂತ ಹೆಚ್ಚಿಗೆ ಕೈ ಒಪ್ಪುವುದಿಲ್ಲ. ಕೇಳಿದ್ದರೆ ಧನುಶ್ರೀ ಬರೆದುಕೊಡುತ್ತಿದ್ದಳು. ಆದರೆ ಇದು ಇನ್ನೊಬ್ಬರ ಕೈಯಲ್ಲಿ ಬರೆಸುವಂಥದ್ದಲ್ಲ.

ನನ್ನ ಬಲಗೈ ನಡುಗುತ್ತದೆ. ಮೂರು ವರ್ಷವಾಯಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಸೊಂಟಕ್ಕೆ ಏನೂ ಆಗಿಲ್ಲ. ಅಜ್ಜಂಪುರಕ್ಕೆ ಬಂದರೆ ನಿನ್ನ ಮುಂದೆ ಸ್ಪ್ಯಾನರ್ ಹಿಡಿಯಬೇಕಾಗುತ್ತಿತ್ತು. ಮೂವತ್ತೊಂದು ವರ್ಷ ಇದೇ ಕೈಯಲ್ಲಿ ದುಡಿದು ಅನ್ನ ತಿಂದವನು ಅದನ್ನು ಹೇಗೆ ತೋರಿಸಲಿ? ಕಡೂರಿನ ರಾಮಯ್ಯನದೂ ನಡುಗುವ ಕೈಯೇ, ಲೇತಿನ ಕೆಲಸವನ್ನು ಈಗ ಅವನ ಹುಡುಗರೇ ಮಾಡುತ್ತಾರೆ. ಅವನ ಮುಂದೆ ನಾಚಿಕೆಯಿಲ್ಲ, ಹೋದೆ.

ಇನ್ನೊಂದನ್ನು ಧನುಶ್ರೀಗೂ ಹೇಳಿಲ್ಲ. ಪ್ರಕಾಶ ಹೋಗುವ ಹಿಂದಿನ ದಿನ ಕಾರು ತಂದು, "ಅಪ್ಪಾ, ಫ್ಯಾನ್ ಬೆಲ್ಟು ಕಿರುಚ್ತೈತೆ, ವಸಿ ನೋಡು" ಅಂದ. ಆಗ ನಡುಕ ಹೊಸದು. ಅವನಿಗೆ ಗೊತ್ತಾಗಬಾರದು ಅಂತ, "ಕೆಲ್ಸ ಐತೆ, ನಾಳೆ ಬಾ ಹೋಗು" ಅಂದುಬಿಟ್ಟೆ. ಕೆಲಸ ಏನೂ ಇರಲಿಲ್ಲ. ಅವನು ಟೀ ಸಹ ಕುಡಿಯದೆ ಹೋದ. ಮರುದಿನ ಬೆಳಗ್ಗೆ ಅವನಿಗೆ ಎದೆನೋವು ಬಂತು, ಉಳಿಯಲಿಲ್ಲ. ಕಾರು ನನ್ನ ಕಣ್ಣಿಗೆ ಬೀಳಬಾರದು ಅಂದದ್ದು ಅದಕ್ಕೆ. ನಿನ್ನ ಮುಖ ನೋಡಲಾರದ್ದೂ ಅದಕ್ಕೇ. ನಿನ್ನದು ಯಾವ ತಪ್ಪೂ ಇಲ್ಲ.

ಅವನು ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಆ ಕಾರು ಒಂದೇ ಅಂದುಕೊಂಡಿದ್ದೆ. ಮಗುವೂ ಇಲ್ಲ. ಕಾರು ಮಾರಿದರೆ ನೀನು ಬೇರೆಯವಳಾಗುತ್ತೀಯ ಅಂತ ಹೆದರಿದ್ದೆ. ಆ ಹೊನ್ನೇಶ ನೋಡಲು ಬಂದದ್ದು ಕಾರನ್ನಲ್ಲ ಅಂತ ತಿಳಿದ ದಿನ ಊಟ ಸೇರಲಿಲ್ಲ, ಸುಳ್ಳು ಹೇಳುವುದಿಲ್ಲ. ಎರಡನೇ ದಿನ ನಿನ್ನ ಕಾಗದ ಮತ್ತೆ ಓದಿದೆ. ಕೈ ಸಿಕ್ಕಿಕೊಂಡಾಗ ಎಳೀಬೇಡ್ರಿ ಅಂದ ಅಂತ ಬರೆದಿದ್ದೀಯ. ಎಳೆದು ಕೈ ಮುರಿದುಕೊಂಡವರನ್ನು ಡಿಪೋದಲ್ಲಿ ನೋಡಿದ್ದೇನೆ, ಎಳೆ ಎಳೆ ಅಂತ ಕೂಗುವವರನ್ನೂ ನೋಡಿದ್ದೇನೆ. ಇವನು ಪಕ್ಕದಲ್ಲಿ ಕೂತನಲ್ಲ.

ನಿನಗೆ ಮೂವತ್ತೆಂಟು. ಮುಂದೆ ದಾರಿ ಬಹಳ ಇದೆ. ನನ್ನ ಒಪ್ಪಿಗೆ ಇದೆ.

ಹನ್ನೊಂದಕ್ಕೆ ನಾನೇ ಅಲ್ಲಿಗೆ ಬಂದು ನಿಂತಿರುತ್ತೇನೆ.

ಗಿಡ್ಡಪ್ಪ


ಅಜ್ಜಂಪುರ
13 ಫೆಬ್ರವರಿ 2025

ಮಾವ,

ಕಾರು ಪಾಸಾಯಿತೆಂಬುದು ನಿಮಗೆ ಗೊತ್ತೇ ಇದೆ. ಇನ್ನು ಐದು ವರ್ಷ ಚಿಂತೆಯಿಲ್ಲ. ಆದರೂ ಆ ದಿನದ ಬಗ್ಗೆ ಬರೆಯದೆ ಇರಲಾಗುತ್ತಿಲ್ಲ.

ಆರ್.ಟಿ.ಓ. ಅಂಗಳಕ್ಕೆ ಕಾರು ತಿರುಗಿಸಿದಾಗ ಬೇವಿನ ಮರದ ಕೆಳಗೆ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದಿರಿ. ಎರಡೂ ಕೈ ಜೇಬಿನಲ್ಲಿತ್ತು. ಇನ್ಸ್‌ಪೆಕ್ಟರು ಬಾನೆಟ್ ಎತ್ತಿ, ಟಾರ್ಚು ಬಿಟ್ಟು ಎಂಜಿನ್ ಹಿಂದೆ ಇಣುಕಿ, "ಈ ಪೈಪ್ ಹೊಸದಾಗಿ ಹಾಕಿದಂತಿದೆ, ಯಾರು ಹಾಕಿದ್ದು?" ಎಂದಾಗ ನಾನು ನಿಮ್ಮ ಕಡೆ ಕೈ ತೋರಿಸಿದೆ, ನೀವು ನನ್ನ ಕಡೆ ತೋರಿಸಿದಿರಿ. ತೋರಿಸಲು ಜೇಬಿನಿಂದ ಕೈ ತೆಗೆದಿರಿ. ಮತ್ತೆ ಒಳಗಿಡಲಿಲ್ಲ. ಎಂಜಿನ್ ಓಡುತ್ತಿರುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿರಿ. ನಡುಗುತ್ತಿದ್ದುದು ಕೈಯೋ ಎಂಜಿನ್ನೋ ನನಗೆ ತಿಳಿಯಲಿಲ್ಲ. ಕಿವಿ ಕೇಳದಿದ್ದರೂ ನೀವು, "ಚೆನ್ನಾಗೈತೆ ಸದ್ದು" ಎಂದಿರಿ.

ಹೊನ್ನೇಶ್ ನಿಮಗೆ ಮುಂದಿನ ಸೀಟು ಬಿಟ್ಟು ಹಿಂದೆ ಕೂತರು. ಮನೆ ಮುಂದೆ ಇಳಿಯುವಾಗ ನೀವು ಅವರಿಗೆ, "ನೀರು ವಾರಕ್ಕೊಂದ್ಸಲ ನೋಡ್ಕೋ. ಅವಳು ಮರೀತಾಳೆ" ಎಂದಿರಿ. ಮೊನ್ನೆಯಿಂದ ಅವರು ದಿನವೂ ಬಂದು ನೀರು ನೋಡುತ್ತಿದ್ದಾರೆ.

ಫ್ಯಾನ್ ಬೆಲ್ಟಿನ ವಿಷಯ. ನಿಮ್ಮ ಮಗ ಆ ದಿನ ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಅಪ್ಪಂಗೆ ಕೈ ನಡುಗ್ತೈತೆ ಕಣೇ, ಮುಚ್ಚಿಟ್ಕಂತಾನೆ. ಮುಂದಿನ್ ವಾರ ಶಿವಮೊಗ್ಗಕ್ಕೆ ಕರ್ಕೊಂಡೋಗಿ ತೋರಿಸ್ಬೇಕು." ಸಿಟ್ಟು ಮಾಡಿಕೊಂಡಿರಲಿಲ್ಲ. ಬೆಲ್ಟನ್ನು ಅವರೇ ಬಿಗಿ ಮಾಡಿಕೊಂಡರು. ಮರುದಿನದಿಂದ ನಡೆದುದರಲ್ಲಿ ನಾನೂ ಇದನ್ನು ಮರೆತಿದ್ದೆ. ನಿಮ್ಮ ಕಾಗದ ಓದಿದಾಗ ನೆನಪಾಯಿತು. ಇಷ್ಟು ವರ್ಷ ನೀವು ಒಬ್ಬರೇ ಅದನ್ನು ಹೊತ್ತುಕೊಂಡಿದ್ದಿರಲ್ಲ.

ಮಾರ್ಚ್ ಹದಿಮೂರಕ್ಕೆ ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ಆಮೇಲೆ ಮನೆಯಲ್ಲಿ ಬುದ್ಧ ವಂದನೆ ಹೇಳಿಸಿ ಊಟ, ಅಷ್ಟೇ. ನನ್ನ ಕಡೆಯಿಂದ ಸಾಕ್ಷಿಯಾಗಿ ಸಹಿ ಹಾಕುವವರು ಬೇಕು. ಮಂಗಳವಾರವೇ ಕೇಳಬೇಕೆಂದಿದ್ದೆ, ಆದರೆ ಅಷ್ಟು ಜನರ ನಡುವೆ ನಿಮ್ಮ ಕಿವಿಯಲ್ಲಿ ಕೂಗಿ ಕೇಳುವ ಮಾತೇ ಅದು? ಕಷ್ಟವಾದರೆ ಬೇಡ. ನೀವು ಬಂದು ಉಂಡು ಹೋದರೂ ಸಾಕು.

ಕೋಮಲಾ


ತರೀಕೆರೆ
19 ಫೆಬ್ರವರಿ 2025

ಚಿ.ಸೌ. ಕೋಮಲಾಗೆ ಗಿಡ್ಡಪ್ಪನ ಆಶೀರ್ವಾದ.

ಪ್ರಕಾಶ ಹೇಳಿದ ಮಾತು ಬರೆದೆಯಲ್ಲ, ಆ ಹಾಳೆಯನ್ನು ಬೇರೆ ತೆಗೆದಿಟ್ಟಿದ್ದೇನೆ. ಅವನಿಗೆ ಗೊತ್ತಿತ್ತು ಅಂತ ತಿಳಿದು ಅತ್ತೆ. ಆಮೇಲೆ ಧನುಶ್ರೀಗೆ ಎಲ್ಲ ಹೇಳಿದೆ. ಅವಳು ಬೈದಳು, ಆಮೇಲೆ ಬಿಸಿಬಿಸಿ ರಾಗಿಮುದ್ದೆ ಮಾಡಿ ಬಡಿಸಿದಳು. ಬಹಳ ದಿನದ ಮೇಲೆ ಎರಡು ಮುದ್ದೆ ಉಂಡೆ.

ಶಿವಮೊಗ್ಗಕ್ಕೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ಕೈ ತೋರಿಸಬೇಕು ಅಂತ ಅವಳ ಹಟ. ಮದುವೆ ಕಳೆಯಲಿ, ನೀನು ಕಾರು ತಾ, ಹೋಗಿ ಬರೋಣ. ಹೊನ್ನೇಶನೂ ಬರಲಿ.

ಸಾಕ್ಷಿಗೆ ನಾನೇ ಬರುತ್ತೇನೆ. ನಿಮ್ಮಪ್ಪ ಇಲ್ಲ, ನಿನ್ನ ಕಡೆಯಿಂದ ನಿಂತು ಹೆಣ್ಣು ಒಪ್ಪಿಸಿಕೊಡುವವರು ಬೇಡವೇ? ಸಹಿಯನ್ನು ದಿನವೂ ಬೆಳಗ್ಗೆ ಕೂತು ಅಭ್ಯಾಸ ಮಾಡುತ್ತಿದ್ದೇನೆ. ಗಿ ಸರಿ ಬರುತ್ತದೆ. ಡ್ಡ ಮಾತ್ರ ಓಡಿಹೋಗುತ್ತದೆ. ಆ ದಿನ ಆಗದಿದ್ದರೆ ಹೆಬ್ಬೆಟ್ಟು ಒತ್ತುತ್ತೇನೆ, ನಾಚಿಕೆಯಿಲ್ಲ.

ಆ ಅರ್ಜಿಯಲ್ಲಿ ಸಾಕ್ಷಿಗೂ ವಧುವಿಗೂ ಸಂಬಂಧವೇನು ಅಂತ ಕೇಳುತ್ತಾರಂತೆ. ಧನುಶ್ರೀ ಹೇಳಿದಳು. ಏನು ಬರೆಸುವುದು ಅಂತ ಎರಡು ದಿನ ಯೋಚಿಸಿದೆ. ಮಾವ ಅಂತಲೇ ಬರೆಸು. ಗಂಡನ ಅಪ್ಪನೂ ಮಾವ, ತಾಯಿಯ ತಮ್ಮನೂ ಮಾವ. ಹೆಣ್ಣಿನ ಕೈ ಹಿಡಿದು ಹಸೆಗೆ ಕರೆತರುವವನೂ ಮಾವನೇ. ಯಾವ ಮಾವ ಅಂತ ಅವರು ಕೇಳುವುದಿಲ್ಲ.

ನಿನ್ನ ಮಾವ
ಗಿಡ್ಡಪ್ಪ